ಕಂಬದ ಹಿಂದಿನ ಸೀಟು

ಮನೆ (ನಿನ್ನದೂ ಹೌದು),
ಭಾನುವಾರ, ೧೪ನೇ ತಾರೀಖು

ಪ್ರೀತಿಯ ಮಹಾರಾಯ್ತಿ,

ನಿನ್ನ ಕೆಮ್ಮು ಹೇಗಿದೆ? ನಿಮ್ಮಕ್ಕನ ಮನೆಯ ಹಿಂದಿನ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ, ಅಲ್ಲಿ ಮಲಗಬೇಡ. ಮಲಗಲೇಬೇಕಾದರೆ ಕಿವಿಗೆ ಬಟ್ಟೆ ಸುತ್ತಿಕೋ. ನಿಮ್ಮ ಭಾವನ ಸಕ್ಕರೆ ಹತೋಟಿಯಲ್ಲಿದೆಯೇ? ಇಲ್ಲಿ ನಾವಿಬ್ಬರೂ ಕ್ಷೇಮ. ಅಂದರೆ ಅಮ್ಮ ಕ್ಷೇಮ. ನನ್ನ ಕುತ್ತಿಗೆ ನಿನ್ನೆ ಸಂಜೆ ಎಡಕ್ಕೆ ತಿರುಗಿದ್ದು ಇನ್ನೂ ಪೂರ್ತಿ ಹಿಂದಕ್ಕೆ ಬಂದಿಲ್ಲ.

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಮುಂದೆ ಬರೆಯಲು ಕೈ ಓಡುವುದಿಲ್ಲ. ನಿನ್ನ ಹೀರೋ ಸಿನಿಮಾ ಬಿಟ್ಟು ರಂಗದ ಮೇಲೆ ಬಂದು ಹಾಡಿ ಕುಣಿಯುವುದನ್ನು ನೋಡುವ ಈ ವ್ಯವಹಾರಕ್ಕೆ ಖರ್ಚಾದದ್ದು: ಒಳ್ಳೆಯ ಟಿಕೆಟ್ ಒಂದು, ಅಗ್ಗದ ಟಿಕೆಟ್ ಒಂದು, ಹೋಗಿಬರುವ ಟ್ಯಾಕ್ಸಿ, ಅಮ್ಮ ಅಲ್ಲೇ ಬಿಟ್ಟುಬಂದ ಕನ್ನಡಕದ ಡಬ್ಬಿ, ನನ್ನ ಕುತ್ತಿಗೆ, ಮತ್ತು ಹೆಂಡತಿ ಒಬ್ಬಳು. ಕೊನೆಯದನ್ನು ಯಾವ ಬಾಬ್ತಿಗೆ ಹಾಕಬೇಕೋ ತಿಳಿಯುತ್ತಿಲ್ಲ. ಸದ್ಯಕ್ಕೆ ‘ವಾಪಸು ಬರಬೇಕಾದದ್ದು’ ಎಂದು ಇಟ್ಟುಕೊಂಡಿದ್ದೇನೆ.

ನನ್ನ ಯೋಜನೆಯಲ್ಲಿ ತಪ್ಪೇನಿತ್ತು, ಈಗಲಾದರೂ ತಣ್ಣಗೆ ಯೋಚಿಸು. ಮುಂದೆ ಒಂದು ಪೂರ್ತಿ ಬೆಲೆಯ ಸೀಟು, ಹಿಂದೆ ಕಂಬದ ಪಕ್ಕದ ಸೀಟು ಕಾಲು ಬೆಲೆಗೆ. ಇಂಟರ್‌ವಲ್ ತನಕ ನೀನು ಮುಂದೆ, ಆಮೇಲೆ ನಾನು ಮುಂದೆ. ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ನಿನ್ನ ಅರ್ಧ ನೀನು ಹೇಳುವುದು, ನನ್ನ ಅರ್ಧ ನಾನು ಹೇಳುವುದು. ಇಬ್ಬರಿಗೂ ಪೂರ್ತಿ ನಾಟಕ. ಊರಿನ ಅರ್ಧ ಮದುವೆಗಳಿಗೆ ಕುರ್ಚಿ ಬಾಡಿಗೆಗೆ ಕೊಟ್ಟು ಈ ಮನೆ ಕಟ್ಟಿದವನು ನಾನು. ಕುರ್ಚಿಯ ವಿಷಯದಲ್ಲಿ ನನಗೂ ನಾಲ್ಕಕ್ಷರ ಗೊತ್ತು. ಅದಕ್ಕೆ ನೀನು ಬ್ಯಾಗು ತುಂಬುತ್ತ ಹೇಳಿದೆಯಲ್ಲ, “ಇಷ್ಟು ವರ್ಷ ನಿಮ್ಮ ಜೊತೆ ಎಲ್ಲಾ ಅರ್ಧರ್ಧದಲ್ಲೇ ಆಯ್ತು ರೀ. ಇವನೊಬ್ಬನನ್ನಾದ್ರೂ ಪೂರ್ತಿ ನೋಡ್ತೀನಿ ಅಂದ್ಕೊಂಡಿದ್ದೆ” ಅಂತ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಮೆಲ್ಲಗೆ ಹೇಳಿ ಹೋಗಿಬಿಟ್ಟೆ.

ಟಿಕೆಟ್ ಹಾಳಾಗಬಾರದೆಂದು ಅಮ್ಮನನ್ನು ಕರೆದುಕೊಂಡು ಹೋದೆ. ಒಪ್ಪಂದವನ್ನು ಟ್ಯಾಕ್ಸಿಯಲ್ಲೇ ಬಿಡಿಸಿ ಹೇಳಿದ್ದೆ, ತಲೆಯಾಡಿಸಿದ್ದಳು. ಇಂಟರ್‌ವಲ್‌ನಲ್ಲಿ ಹೋಗಿ ನೋಡಿದರೆ ಶಾಲು ಹೊದ್ದು, ಕಾಲು ಚಾಚಿ, ಪಕ್ಕದ ಹೆಂಗಸಿನ ಹತ್ತಿರ ಬಿಸ್ಕತ್ತು ಇಸಕೊಂಡು ತಿನ್ನುತ್ತಿದ್ದಾಳೆ. “ಮಂಡಿ ಹಿಡ್ಕೊಂಡಿದೆ ಕಣೋ, ಏಳಕ್ಕಾಗಲ್ಲ. ನೀನು ಅಲ್ಲೇ ಕೂತ್ಕೋ, ಕಥೆ ನಾನು ಹೇಳ್ತೀನಿ” ಎಂದಳು. ಸಾಲಿನವರೆಲ್ಲ ನನ್ನನ್ನು ನೋಡಿದ ರೀತಿಗೆ, ಮುದುಕಿಯನ್ನು ಎಬ್ಬಿಸಲು ಬಂದ ಪಾಪಿ ನಾನೇ ಆದೆ. ಅವಳು ಆಮೇಲೆ ಹೇಳಿದ ಕಥೆಯಾದರೂ ಯಾವುದು? ಅವನು ಸಿನಿಮಾದಲ್ಲಿ ಇನ್ನೂ ಎತ್ತರ ಇದ್ದನಂತೆ, ಕೋಟು ಚೆನ್ನಾಗಿತ್ತಂತೆ. ಮುಗಿಯಿತು. “ಸೊಸೆ ಹೋಗಿದ್ದು ಒಳ್ಳೇದಾಯ್ತು ಅಂತ ನಾನು ಅನ್ನಲ್ಲಪ್ಪ, ಆದ್ರೆ ಸೀಟು ಮಾತ್ರ ಬಹಳ ಚೆನ್ನಾಗಿತ್ತು” ಎಂದು ಸೇರಿಸಿದಳು.

ಹೀಗೆ ನಾನು ಇಡೀ ನಾಟಕವನ್ನು ಕಂಬದ ಎಡಗಡೆಯಿಂದ ನೋಡಿದೆ. ರಂಗದ ನಟ್ಟನಡುವೆ ನಡೆದದ್ದೆಲ್ಲ ನನಗೆ ಬರೀ ಸದ್ದು. ಅವನು ಬಂದಾಗ ಜನ ಶಿಳ್ಳೆ ಹಾಕಿದರು. ನನಗೆ ಕಂಡದ್ದು ಒಂದು ಬೂಟು. ಮೂವತ್ತು ವರ್ಷ ಬೇರೆಯವರ ಗಂಟಲಲ್ಲಿ ಹಾಡಿದವನು ಮೊದಲ ಸಲ ತನ್ನ ಗಂಟಲಲ್ಲೇ ಹಾಡಿದ, ಅಷ್ಟೇನೂ ಕೆಟ್ಟದಾಗಿರಲಿಲ್ಲ. ಆದರೆ ಎಡಗಡೆ ಪರದೆಯ ಸಂದು ಮಾತ್ರ ನನ್ನ ಸೀಟಿಗೆ ನಿಚ್ಚಳವಾಗಿ ಕಾಣುತ್ತಿತ್ತು. ಅಲ್ಲಿ ಮಡಚುವ ಕುರ್ಚಿಯ ಮೇಲೆ ಒಬ್ಬ ಹೆಂಗಸು, ತೊಡೆಯ ಮೇಲೆ ನಾಟಕದ ಪ್ರತಿ. ಪತ್ರಿಕೆಯಲ್ಲಿ ನೀನೇ ಎಷ್ಟೋ ಸಲ ತೋರಿಸಿ ಮೂತಿ ತಿರುವಿದ್ದೀಯಲ್ಲ, ಅವನ ಹೆಂಡತಿ.

ಎರಡನೆಯ ಭಾಗದಲ್ಲಿ ಅವನು ಎಡಗಡೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದು ಹಾಡು ಎತ್ತಿಕೊಳ್ಳಬೇಕಿತ್ತು. ವಾದ್ಯ ಶುರುವಾಯಿತು, ಇವನಿಗೆ ಸಾಲು ಮರೆತುಹೋಯಿತು. ಆಗ ಏನು ಮಾಡಿದ ಗೊತ್ತೇ? ಶೂಟಿಂಗಿನ ಅಭ್ಯಾಸ ನೋಡು, ಕೈಯೆತ್ತಿ ಆರಾಮಾಗಿ “ಇನ್ನೊಂದ್ಸಲ” ಎಂದು ಬಾಗಿಲ ಹಿಂದಕ್ಕೆ ಹೊರಟೇಹೋದ! ಜನ ಅದನ್ನೂ ತಮಾಷೆಯೆಂದುಕೊಂಡು ಚಪ್ಪಾಳೆ ತಟ್ಟಿದರು. ಪರದೆಯ ಮರೆಗೆ ಬಂದವನ ಮುಖ ನಾನೊಬ್ಬನೇ ನೋಡಿದ್ದು. ಬಣ್ಣದ ಕೆಳಗೆ ಬಿಳುಚಿಕೊಂಡಿದ್ದ. ಆ ಹೆಂಗಸು ಎದ್ದು ಅವನ ಕಿವಿಯಲ್ಲಿ ಸಾಲು ಹೇಳಿದಳು, ಕಾಲರು ಸರಿಮಾಡಿದಳು, ಬೆನ್ನಿಗೆ ಕೈ ಕೊಟ್ಟು ಒಳಗೆ ನೂಕಿದಳು. ಅವನು ಹೋಗಿ ಹಾಡಿದ, ಸಭೆ ಎದ್ದು ನಿಂತಿತು. ಅವಳು ಕೂತು ನೀರು ಕುಡಿದಳು. ಅವಳ ಜಾಗದಿಂದ ಅವನ ಬೆನ್ನು ಬಿಟ್ಟು ಬೇರೇನೂ ಕಾಣುವಂತಿರಲಿಲ್ಲ.

ಇದನ್ನು ಹೇಳಬೇಕೆಂದು ನಾನು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಕಂಬ ಇತ್ತು.

ಅಮ್ಮನಿಗೆ ಹೇಳಿದರೆ “ಯಾವ ಹೆಂಗಸೋ? ನಂಗ್ಯಾರೂ ಕಾಣ್ಲಿಲ್ಲ” ಎನ್ನುತ್ತಾಳೆ. ಅಂಗಡಿಯಲ್ಲಿ ಹೇಳಿದರೆ ನಗುತ್ತಾರೆ. ಇದನ್ನು ಕೇಳಿ, ಆ ಹೆಂಗಸಿನ ಸೀರೆ ಯಾವ ಬಣ್ಣದ್ದು ಎಂದು ಕೇಳುವವಳು ನಿಮ್ಮಕ್ಕನ ಮನೆಯಲ್ಲಿ ಕೂತು ಕೆಮ್ಮುತ್ತಿದ್ದಾಳೆ. ಎಂಥ ಕರ್ಮ ನೋಡು.

ನಿಮ್ಮಕ್ಕನಿಗೆ ನಮಸ್ಕಾರ, ಭಾವನಿಗೆ ಸಿಹಿ ಮುಟ್ಟಬೇಡಿರೆಂದು ಹೇಳು. ಅಮ್ಮ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಉಪ್ಪಿನ ಡಬ್ಬ ಎಲ್ಲಿಟ್ಟಿದ್ದೀಯೆಂದೂ ಕೇಳಿದ್ದಾಳೆ.

ಇಂತು,
ಕುತ್ತಿಗೆ ಉಳುಕಿದ ನಿನ್ನ ಗಂಡ

ಮರೆತಿದ್ದೆ: ಬರುವ ಶನಿವಾರ ಅದೇ ನಾಟಕ ನಿಮ್ಮಕ್ಕನ ಊರಿನಲ್ಲಿದೆ. ಮೂರನೆಯ ಸಾಲು, ನಟ್ಟನಡುವೆ, ಎರಡೂ ಪೂರ್ತಿ ಬೆಲೆ. ನಿನ್ನ ಟಿಕೆಟ್ ಈ ಕವರಿನಲ್ಲಿದೆ. ಅದರ ಪಕ್ಕದ ಸೀಟು ನನ್ನದು. ನಿನಗೆ ಬೇಡವಾದರೆ ಹೇಳು, ನಿಮ್ಮಕ್ಕನಿಗೆ ಬಿಟ್ಟುಕೊಟ್ಟು ನಾನು ಹೊರಗೆ ಕಾಯುತ್ತೇನೆ. ಈತನಕ ಯಾರಿಗೆ ಏನು ಬಂತು ಎಂದರೆ: ಅಮ್ಮನಿಗೆ ಇಡೀ ನಾಟಕ ಮತ್ತು ಬಿಸ್ಕತ್ತು. ನಿನ್ನ ಹೀರೋಗೆ ಚಪ್ಪಾಳೆ. ನಿಮ್ಮಕ್ಕನಿಗೆ ಅಡುಗೆಮನೆಯಲ್ಲಿ ಜೊತೆಗೊಬ್ಬಳು. ನನಗೆ ಕಂಬದ ಎಡಗಡೆ. ನಿನಗೆ ಇನ್ನೂ ಏನೂ ಇಲ್ಲ.