ತಣ್ಣಗಿದ್ದ ರೇಡಿಯೇಟರ್

ವೈನಿ,

ನೀವು ಗಿರಣಿಯಿಂದ ಹಿಟ್ಟು ಬೀಸಿಕೊಂಡು ಬರುವಷ್ಟರಲ್ಲಿ ನಾನೂ ಅಣ್ಣನೂ ಲಾರಿ ತೆಗೆದುಕೊಂಡು ಹೊರಟಿರುತ್ತೇವೆ. ಒಲೆಯ ಮೇಲಿನ ಬೋಗುಣಿಯಲ್ಲಿ ಚಹಾ ಮಾಡಬೇಡಿ. ಅದರಲ್ಲಿ ಲಾರಿಯ ಥರ್ಮೋಸ್ಟಾಟ್ ಕುದಿಸಿದ್ದೇವೆ. ಬಂದು ನಾನೇ ತಿಕ್ಕುತ್ತೇನೆ. ಬೈಯುವುದಿದ್ದರೆ ಅಣ್ಣನನ್ನು ಬೈಯಿರಿ, ಆ ಬೋಗುಣಿಯನ್ನೇ ತೆಗೆದುಕೊಂಡವನು ಅವನು.

ಇನ್ನು ಎಂಜಿನ್ ಬಿಚ್ಚುವ ಮಾತೇ ಇಲ್ಲ! ಗ್ಯಾಸ್ಕೆಟ್ ಹೋಗಿದೆ ಎಂದು ನಾವಿಬ್ಬರೂ ವಾರವಿಡೀ ನಿದ್ದೆಗೆಟ್ಟಿದ್ದು ದಂಡ. ನೀರು ಕೊತಕೊತ ಕುದಿದರೂ ಹಳೆಯ ಥರ್ಮೋಸ್ಟಾಟ್ ಬಾಯಿ ಬಿಡಲಿಲ್ಲ. ಹೊಸದು ಅದೇ ನೀರಿನಲ್ಲಿ ತಾನಾಗಿ ತೆರೆಯಿತು. ಅದು ತೆರೆಯದಿದ್ದರೆ ಎಂಜಿನ್ನಿನ ಬಿಸಿನೀರು ರೇಡಿಯೇಟರಿಗೆ ಹೋಗುವುದಾದರೂ ಹೇಗೆ?

ಹೋದ ವಾರ ಕಣಕುಂಬಿಗೆ, ನಿಮ್ಮ ತವರಿಗೆ ಹೋಗುವಾಗ ಲಾರಿ ಬಿಸಿಯಾಗಿ ದಾರಿಯಲ್ಲೇ ನಿಂತಿತಲ್ಲ, ಆಗಲೇ ನೀವು ಕೈ ಹಚ್ಚಿ ನೋಡಿ ಕೇಳಿದ್ದಿರಿ: "ಎಂಜಿನ್ ಇಷ್ಟ ಸುಡಾಕತ್ತೈತಿ, ರೇಡಿಯೇಟರ್ ಯಾಕ ತಣ್ಣಗ ಐತ್ರಿ?" ನಾವಿಬ್ಬರೂ ನಕ್ಕುಬಿಟ್ಟೆವು. ಆ ಮಾತಿಗೆ ಅಂದೇ ಕಿವಿಗೊಟ್ಟಿದ್ದರೆ ಈ ವಾರ ಬಾಡಿಗೆ ತಪ್ಪುತ್ತಿರಲಿಲ್ಲ. ತಪ್ಪಾಯ್ತು ವೈನಿ.

ಹೊಸ ಥರ್ಮೋಸ್ಟಾಟ್ ಹಾಕಿಯಾಗಿದೆ. ಖಾಲಿ ಗಾಡಿಯನ್ನು ಖಾನಾಪುರದವರೆಗೆ ಓಡಿಸಿ ನೋಡಿ, ಊಟದ ಹೊತ್ತಿಗೆ ಬರುತ್ತೇವೆ. ಎರಡು ರೊಟ್ಟಿ ಹೆಚ್ಚಿಗೆ ಬಡಿಯಿರಿ. ಅಣ್ಣ ಇವತ್ತಾದರೂ ಹೊಟ್ಟೆ ತುಂಬ ಉಣ್ಣುತ್ತಾನೆ.

ತಪ್ಪಾಯ್ತು ಎನ್ನುವ ಪೈಕಿಯವನಲ್ಲ ಅವನು, ನಿಮಗೇ ಗೊತ್ತು. ಆದರೆ ಈಗಷ್ಟೇ ಚಪ್ಪಲಿ ಮೆಟ್ಟುತ್ತಾ ಹೇಳಿದ: "ಬಂದ ಮ್ಯಾಲ ಆಕಿ ಒಮ್ಮೆ ರೇಡಿಯೇಟರ್ ಮುಟ್ಟಿ, ಬಿಸಿ ಐತಿ ಅನ್ಲಿ. ಆಮ್ಯಾಲ ಲೋಡ್ ತುಂಬೂಣು."

ನಿಮ್ಮ ಮೈದುನ,
ಪ್ರಸಾದ