ಒಳಗಿರುವವಳು ಒಳಗೆ ಬರುವಂತಿಲ್ಲವಂತೆ

ಮಾನ್ಯ ಪ್ರವೇಶಾಧಿಕಾರಿಗಳೇ, ವೆನಿಸ್ ನಗರದ ಹೆಬ್ಬಾಗಿಲ ಭಾರ ಹೊತ್ತು ಬಳಲಿದ ದ್ವಾರಪಾಲಕ ಶಿಖಾಮಣಿಗಳೇ,

ನನ್ನ ಅಕ್ಕ ಫೋಸ್ಕಾ ಈ ಗಳಿಗೆಯಲ್ಲಿ ಎಲ್ಲಿದ್ದಾಳೆ, ಬಲ್ಲಿರಾ? ನೀರಿನಾಚೆಯ ಕಾಂಪಾಲ್ತೊದಲ್ಲಿ, ಈ ಊರು ಬಿಟ್ಟು ಮೂವತ್ತು ವರ್ಷದಿಂದ ಇರುವ ಮನೆಯ ಅಡುಗೆಕೋಣೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಾಳೆ. ಆದರೆ ನಿಮ್ಮ ಕಚೇರಿಯ ಪ್ರಕಾರ ಆಕೆ ಮೇ ತಿಂಗಳಿನಿಂದ ವೆನಿಸ್ಸಿನೊಳಗೇ ಇದ್ದಾಳೆ. ಮುಂದಿನ ಭಾನುವಾರ ಒಂದೇ ಒಂದು ದಿನದ ಮಟ್ಟಿಗೆ ಬಂದು ಹೋಗುತ್ತೇನೆಂದು ಆಕೆ ಹಾಕಿದ ಕೋರಿಕೆಗೆ ನೀವು ದಯಪಾಲಿಸಿದ ಉತ್ತರ ಇದು: “ಒಳಗಿರುವ ವ್ಯಕ್ತಿಗೆ ಪ್ರವೇಶ ನೀಡಲಾಗದು.” ಆಹಾ! ಎಂಥ ತರ್ಕ! ನಾನು ನಲವತ್ತು ವರ್ಷ ಊರಿನ ನಾಟಕ ಮಂಡಳಿಯಲ್ಲಿ ಬಣ್ಣ ಹಚ್ಚಿದವನು. ಸತ್ತ ರಾಜ ಎದ್ದು ಬಂದದ್ದನ್ನು ಕಂಡಿದ್ದೇನೆ, ಗಡ್ಡ ಉದುರಿದ ಋಷಿಯನ್ನು ಕಂಡಿದ್ದೇನೆ. ಒಂದೇ ಪಾತ್ರ ಏಕಕಾಲಕ್ಕೆ ಎರಡು ದಡದಲ್ಲಿರುವುದನ್ನು ಮಾತ್ರ ನಿಮ್ಮ ರಂಗದಲ್ಲೇ ಕಂಡೆ.

ಭಾನುವಾರವೇ ಏಕೆ? ಅಂದು ಭಾವ ತೋನೋನ ಪುಣ್ಯತಿಥಿ. ಭಾವ ದೋಣಿ ಕಟ್ಟುವವನು. ಕಡೆಯ ದೋಣಿಯನ್ನು ಅರ್ಧಕ್ಕೇ ಬಿಟ್ಟು ಹೋದ. ಉಳಿದರ್ಧವನ್ನು ಅವನ ಕೈಯಲ್ಲೇ ಪಳಗಿದ ನನ್ನ ಮಗಳು ಎಲ್ವೀರಾ ಮುಗಿಸಿದಳು. ಆ ದೋಣಿ ತೇಲಿತು ಎಂಬ ಸುದ್ದಿಯನ್ನು ಅಕ್ಕ ನಮ್ಮೂರಿನ ಸತ್ತವರನ್ನು ಹೂಳುವ ಗೋರಿದ್ವೀಪಕ್ಕೆ ಹೋಗಿ ತನ್ನ ಬಾಯಿಂದಲೇ ಗಂಡನಿಗೆ ಹೇಳಬೇಕು. ಅಷ್ಟೇ. ನಿಮ್ಮ ಅರಮನೆಗಳನ್ನು ಆಕೆ ನೋಡುವುದಿಲ್ಲ, ಪಾರಿವಾಳಕ್ಕೆ ಕಾಳು ಹಾಕುವುದಿಲ್ಲ, ಸೇತುವೆಯ ಮೇಲೆ ನಿಂತು ಫೋಟೊ ತೆಗೆಯುವುದಿಲ್ಲ.

ಇನ್ನು ಆಕೆ “ಹೊರಗೆ ಹೋಗದೇ ಉಳಿದ” ಕಥೆ. ಮೇ ತಿಂಗಳಲ್ಲಿ ದೋಣಿ ನೀರಿಗಿಳಿಸುವ ದಿನ ಗೊತ್ತಾಯಿತು. ನಿಮ್ಮ ಅಪ್ಪಣೆಯಂತೆ ಅಲ್ಪಾವಧಿ ಭೇಟಿಗೆ ಮುಂಚಿತವಾಗಿ ಯೋಜನೆ ಸಲ್ಲಿಸಬೇಕಲ್ಲ? ಅಕ್ಕನನ್ನು ಫೋನಿನಲ್ಲಿ ಕೇಳುತ್ತ ಆ ಅರ್ಜಿಯನ್ನು ನಾನೇ ತುಂಬಿದೆ.

“ಅಕ್ಕಾ, ಈ ಊರಿಗೆ ಮೊದಲ ಸಲ ಬಂದಿದ್ದು ಯಾವಾಗ ಅಂತ ಕೇಳ್ತಿದಾರೆ.”

“ಸೂಲಗಿತ್ತಿನ ಕೇಳು ಅನ್ನು. ನಂಗೆ ಆಗ ಅಷ್ಟು ಜ್ಞಾಪಕಶಕ್ತಿ ಇರ್ಲಿಲ್ಲ.”

“ಬರೋ ಉದ್ದೇಶ? ಕಲೆ, ಖರೀದಿ, ಪ್ರೇಮ. ಮೂರರಲ್ಲಿ ಒಂದು.”

“ದೋಣಿ ಅಂತ ಇಲ್ವಾ?”

“ಇಲ್ಲ.”

“ಹಂಗಾದ್ರೆ ಪ್ರೇಮ ಅಂತ್ಲೇ ಹಾಕು. ಆ ಮುದುಕನ ದೋಣಿ ತಾನೇ.”

“ಎಲ್ಲಿಗೆ ಹೋಗ್ತೀಯಾ?”

“ಭಟ್ಟಿ ಓಣಿಗೆ ಕಣೋ! ಹುಟ್ಟಿದ ಓಣಿ ಮರ್ತೋಯ್ತಾ ನಿಂಗೆ?”

ಭಟ್ಟಿ ಓಣಿ ಎಂದೇ ಒತ್ತಿದೆ. ಇಲ್ಲೇ ಎಡವಟ್ಟಾಯಿತು. ಇದು ಈ ಊರಿನವರು ಮಾತ್ರ ಮಾಡಬಲ್ಲ ತಪ್ಪು. ರೊಟ್ಟಿ ಸುಡುವ ಭಟ್ಟಿ ಕೇರಿಗೊಂದು ಇತ್ತು, ಆದ್ದರಿಂದ ಕೇರಿಗೊಂದು ಭಟ್ಟಿ ಓಣಿಯೂ ಇದೆ. ಆದರೆ ನಮ್ಮ ಕೇರಿಯಲ್ಲಿ ಬೆಳೆದವರಿಗೆ ಜಗತ್ತಿನಲ್ಲಿರುವುದು ಒಂದೇ ಭಟ್ಟಿ, ಒಂದೇ ಓಣಿ! ಮಿಕ್ಕ ಭಟ್ಟಿಗಳಲ್ಲಿ ಸುಟ್ಟದ್ದು ರೊಟ್ಟಿಯೇ ಅಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಿಮ್ಮ ಯಂತ್ರಕ್ಕೆ ನಮ್ಮಜ್ಜಿಯ ಪರಿಚಯವಿಲ್ಲ. ಅದು ಅಕ್ಕನನ್ನು ಊರಿನ ಇನ್ನೊಂದು ತುದಿಯ, ಕಾಸ್ತೆಲ್ಲೊ ಕೇರಿಯ ಭಟ್ಟಿ ಓಣಿಗೆ ಬರೆದುಬಿಟ್ಟಿತು.

ಅಕ್ಕ ರೈಲಿಳಿದು ನಾಲ್ಕು ಹೆಜ್ಜೆ ನಡೆದು ನಮ್ಮ ಕೇರಿಯತ್ತ ತಿರುಗಿದ್ದೇ ತಡ, ನಿಮ್ಮ ತಪಾಸಣಾಧಿಕಾರಿ ರಂಗಪ್ರವೇಶ ಮಾಡಿದರು. ದಷ್ಟಪುಷ್ಟ ಆಳು, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಅಕ್ಕನ ಭೇಟಿಯ ಯೋಜನೆ.

“ಅಮ್ಮಾ, ದಾರಿ ತಪ್ಪಿದೀರಿ.”

“ನಾನಾ? ನೇರ ಹೋಗ್ತಾ ಇದೀನಪ್ಪಾ.”

“ನೇರ ಅಲ್ಲಮ್ಮಾ ಅದು, ಎಡಕ್ಕೆ.”

“ಈ ಊರಲ್ಲಿ ಎಡಕ್ಕೆ ಹೋಗೋದ್ನೇ ನೇರ ಅನ್ನೋದು. ನೀವು ಯಾವೂರೋರು?”

ಆ ಪ್ರಶ್ನೆ ಅವರಿಗೆ ಸೇರಲಿಲ್ಲ. ಕೈಹಿಡಿದು ಕರೆದೊಯ್ಯದಿದ್ದರೂ ಹೆಚ್ಚುಕಡಿಮೆ ಹಾಗೆಯೇ ಅಕ್ಕನನ್ನು ಕಾಸ್ತೆಲ್ಲೊಗೆ ನಡೆಸಿದರು. ಅಲ್ಲಿನ ಭಟ್ಟಿ ಓಣಿಯಲ್ಲಿದ್ದದ್ದು ಒಂದು ಗೋಡೆ, ಒಂದು ಬೆಕ್ಕು. “ನಿಮ್ಮೋರು ಎಲ್ಲಿ?” ಎಂದರಂತೆ. “ಬೆಕ್ಕನ್ನೇ ಕೇಳಿ, ನಿಮ್ ಇಲಾಖೇದೇ ಇರ್ಬೇಕು, ಕೆಲ್ಸ ಇಲ್ದೆ ಕೂತಿದೆ” ಎಂದಳಂತೆ. ತಪ್ಪು ಅರಿವಾಗಿ ಪಾಪ, ತಾವೇ ಅವಳ ಚೀಲ ಹೊತ್ತು ಮತ್ತೆ ಊರಿನ ಈ ತುದಿಗೆ ನಡೆದು ಬಂದರು. ಅದಕ್ಕೆ ನನ್ನ ನಮಸ್ಕಾರ.

ಆದರೆ ಸ್ವಾಮಿ, ಸಮುದ್ರ ಕಾಯುತ್ತದೆಯೇ? ನಮ್ಮ ಓಣಿಯ ದೋಣಿಕಟ್ಟೆಯಿಂದ ಹೊರಗೆ ಹೋಗುವ ಕಾಲುವೆಗೆ ಅಡ್ಡಲಾಗಿ ತಗ್ಗಿನ ಸೇತುವೆ ಇದೆ. ನೀರು ಇಳಿದಾಗ ಮಾತ್ರ ಎತ್ತರ ಮೂತಿಯ ದೋಣಿ ಅದರಡಿ ನುಸುಳೀತು. ಮುಂದಿನ ಹುಣ್ಣಿಮೆವರೆಗೆ ಅಂಥ ಇಳಿತ ಮತ್ತೆ ಇರಲಿಲ್ಲ. ಅಕ್ಕ ಇಲ್ಲದೆ ಇಳಿಸುವುದಿಲ್ಲವೆಂದು ಎಲ್ವೀರಾ ಹಟ ಹಿಡಿದಿದ್ದಳು. ಅಕ್ಕ ಬೆವರುತ್ತ ಬಂದು, ದೋಣಿಯ ಮೂತಿ ಸವರಿ, “ಇಳಿಸಿ” ಎನ್ನುವ ಹೊತ್ತಿಗೆ ಉಬ್ಬರ ಶುರುವಾಗಿ ಹೋಗಿತ್ತು. ಸೇತುವೆಯಡಿ ದೋಣಿಯ ಮೂತಿ ಕಚ್ಚಿಕೊಂಡಿತು. ನಾಲ್ಕೇ ನಾಲ್ಕು ಬೆರಳು ಜಾಸ್ತಿ!

“ಭಾರ ಹಾಕಿ!” ಎಂದು ಎಲ್ವೀರಾ ಕೂಗಿದಳು. ಇದು ನಮ್ಮ ಹಳೆಯ ಉಪಾಯ: ಜನ ಹತ್ತಿದಷ್ಟೂ ದೋಣಿ ತಗ್ಗುತ್ತದೆ. ನಾನು ಹತ್ತಿದೆ, ನೆರೆಯವರು ಹತ್ತಿದರು, ಕಾಫಿ ಅಂಗಡಿಯವನೂ ಹತ್ತಿದ. ಇನ್ನೂ ಎರಡು ಬೆರಳು ಉಳಿಯಿತು. ಎಲ್ಲರ ಕಣ್ಣೂ ದಡದ ಮೇಲೆ ನಿಂತಿದ್ದ ನಿಮ್ಮ ಅಧಿಕಾರಿಯತ್ತ ಹೊರಳಿದವು.

“ತೂಕ ಎಷ್ಟಿದೀರಿ?” ಎಲ್ವೀರಾ ಕೇಳಿದಳು.

“ಅದು ಖಾಸಗಿ ಮಾಹಿತಿ.”

“ಅಷ್ಟಿದ್ರೆ ಸಾಕು, ಹತ್ತಿ.”

“ನಾನು ಡ್ಯೂಟಿ ಮೇಲಿದೀನಿ!”

“ಡ್ಯೂಟಿ ಮೇಲಿರಿ, ದೋಣಿ ಮೇಲೂ ಇರಿ” ಎಂದಳು ಅಕ್ಕ. “ಬೆಳಗ್ಗಿಂದ ನನ್ನ ತಲೆ ಮೇಲೆ ಹಾಕಿದ ಭಾರ ಇಲ್ಲಿ ಹಾಕಪ್ಪಾ, ಪುಣ್ಯ ಬರುತ್ತೆ.”

ಹತ್ತಿದರು! ಮೂತಿಯಲ್ಲೇ ಕೂತರು! ಸರಕಾರದ ಸಂಪೂರ್ಣ ತೂಕ ಬಿದ್ದೊಡನೆ ದೋಣಿ ತಲೆಬಾಗಿತು, ಸೇತುವೆಯ ಕಲ್ಲು ಸವರಿಕೊಂಡು ಆಚೆ ನುಗ್ಗಿತು. ಬಯಲು ನೀರು! ನಾವೆಲ್ಲ ಹುಚ್ಚರಂತೆ ಕೂಗಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವರು ನಿಮ್ಮ ಅಧಿಕಾರಿಗಳೇ. ಆಮೇಲೆ ಅವರನ್ನೂ ನೆರೆಯವರನ್ನೂ ಕಟ್ಟೆಗಿಳಿಸಿ, ದೋಣಿಯನ್ನು ಅಕ್ಕನ ಸಮೇತ ಕಾಂಪಾಲ್ತೊದ ದಡಕ್ಕೆ ಒಯ್ದು ಕಟ್ಟಿದೆವು. ಆಕೆ ಇಡೀ ದಾರಿ ನಿಂತೇ ಇದ್ದಳು.

ಅಪರಾಧ ಇದೇ. ಒಳಗೆ ಬರುವಾಗ ನಿಮ್ಮ ಬಾಗಿಲು ಆಕೆಯನ್ನು ಕಂಡಿತು, ಹೋಗುವಾಗ ಕಾಣಲಿಲ್ಲ. ನೀರಿನ ನಡುವೆ ಕಟ್ಟಿದ ಊರಿನಿಂದ ಒಬ್ಬರು ನೀರಿನ ಮೇಲೆ ಹೊರಗೆ ಹೋಗಬಹುದೆಂದು ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೆ? ಕಾಲುವೆಗಳನ್ನು ಏನೆಂದುಕೊಂಡಿದ್ದೀರಿ? ತೊಳೆದು ಒರೆಸದೆ ಬಿಟ್ಟ ರಸ್ತೆಗಳೆಂದೇ?

ಹತಾಶನಾಗಿ ನಿನ್ನೆ ಅಕ್ಕನಿಗೆ ಸಲಹೆ ಕೊಟ್ಟೆ: “ದೋಣೀಲೇ ಬಂದುಬಿಡು, ಯಾರಿಗೂ ಗೊತ್ತಾಗಲ್ಲ.”

“ಗಂಡನ್ನ ನೋಡೋಕೆ ನಾನ್ಯಾಕೋ ಕದ್ದು ಬರ್ಲಿ? ಬಾಗಿಲಲ್ಲೇ ಬರ್ತೀನಿ, ಹೂ ಹಿಡ್ಕೊಂಡು.”

ಆದ್ದರಿಂದ ನನ್ನ ಬೇಡಿಕೆ, ಅಲ್ಲಲ್ಲ, ಆಗ್ರಹ: ಭಾನುವಾರದೊಳಗೆ ಎರಡರಲ್ಲಿ ಒಂದು ಮಾಡಿ. ಫೋಸ್ಕಾ ಮೇ ತಿಂಗಳಲ್ಲೇ ಹೊರಟುಹೋದಳೆಂದು ಒಪ್ಪಿಕೊಂಡು ಬಾಗಿಲು ತೆರೆಯಿರಿ. ಒಪ್ಪಲಾರಿರಾದರೆ, ಇಷ್ಟು ಕಾಲ ಊರು ಬಿಡದೆ ಇರುವವಳಿಗೆ ನ್ಯಾಯವಾಗಿ ಸಲ್ಲಬೇಕಾದ ನಿವಾಸಿಪತ್ರ ಕೊಡಿ. ದಿನದಿನಕ್ಕೆ ಕರಗುತ್ತಿರುವ ನಮ್ಮ ಜನಸಂಖ್ಯೆಗೆ ಒಂದು ತಲೆ ಕೂಡಿಕೊಳ್ಳಲಿ.

ನಿಮ್ಮ ಉತ್ತರವನ್ನು ಅಕ್ಕನಿಗೆ ಓದಿ ಹೇಳಿದಾಗ, ಬಟ್ಟಲು ಗೋಡೆಗೆ ಬಡಿಯುತ್ತಾಳೆಂದು ಕಾದಿದ್ದೆ.

“ಬೈಬೇಡ ಕಣೋ ಅವ್ರನ್ನ,” ಎಂದಳು. “ಮೂವತ್ತು ವರ್ಷದಲ್ಲಿ ನಿಜ ಬರ್ದಿರೋದು ಅವ್ರೊಬ್ರೇ. ನಾನು ಆ ಊರು ಬಿಟ್ಟೇ ಇಲ್ಲ.”

ಇಂತಿ,
ಸ್ವಂತ ಅಕ್ಕನನ್ನು ಮನೆಗೆ ಕರೆಯಲು ಊರಿಗೆಲ್ಲ ಕೇಳುವಂತೆ ಅರಚಬೇಕಾಗಿ ಬಂದ,
ಎರ್ಮೊಲಾವೊ ದಬಲಾ
ಭಟ್ಟಿ ಓಣಿ (ನಿಜವಾದದ್ದು), ವೆನಿಸ್