ರಾಮಮ್ಮ ನುಂಗಿದ ಮಾತ್ರೆ

ಜೂನ್ 9, ಸೋಮವಾರ

ಜಡಿಮಳೆ. ಸೌದೆ ಲೋಡ್ ಪಿರಿಯಾಪಟ್ಟಣಕ್ಕೆ ಹೋಯಿತು. ಬೇಳೆ ಹೊತ್ತಿತು, ಹೊತ್ತಿದ್ದನ್ನೇ ಉಂಡೆ. ರಾಣಿ ಮೇಡಂಗೆ ಫೋನ್ — ಸೋಮವಾರದ ಫೋನ್. ಮಂಡಿನೋವಿನ ಹೊಸ ಮಾತ್ರೆಯ ಸ್ಟಡಿಗೆ ನಮ್ಮೂರ ಹೆಂಗಸರನ್ನು ಸೇರಿಸಿಕೊಂಡವರು ಇವರೇ. ಅರ್ಧ ಜನಕ್ಕೆ ಅಸಲಿ ಮಾತ್ರೆ, ಅರ್ಧಕ್ಕೆ ಔಷಧಿಯೇ ಇಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದೆಂದು ಯಾರಿಗೂ ಗೊತ್ತಾಗಬಾರದಂತೆ. ಸ್ಟಡಿ ನಡೆಯುವಾಗಲೇ ನನ್ನ ಹೆಂಡತಿ ರಾಮಮ್ಮ ಹೊಟ್ಟೆಯೊಳಗೆ ರಕ್ತ ಸೋರಿ ತೀರಿಹೋದಳು. ಸ್ಟಡಿ ಮುಗಿದೇ ಎರಡು ವರ್ಷ. ಫಲಿತಾಂಶ ಹೊರಗೆ ಬಂದಿಲ್ಲ.

ಕೇಳುವುದು ಒಂದೇ ಮಾತು. ಅವಳಿಗೆ ಕೊಟ್ಟಿದ್ದು ಯಾವುದು?

"ವೆಬ್‌ಸೈಟಿಗೆ ಹಾಕ್ತಾರೆ ಸರ್, ಹಾಕ್ಲೇಬೇಕು."

"ಹೊಗೆಸೊಪ್ಪಿನ ರೇಟು ಹರಾಜಾದ ದಿನಾನೇ ಊರಿಗೆಲ್ಲ ಗೊತ್ತಾಯ್ತದೆ ಮೇಡಮ್ಮೋರೆ."

ಮಾತಿನಲ್ಲಿ ಗೆದ್ದೆ. ಗೆದ್ದು ಏನು ಬಂತು...

ಜೂನ್ 16

ಫೋನ್. ಇಲ್ಲ.

ಜುಲೈ 14, ಸಂಜೆ

ಬಂದಿದೆ. ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಕೂತು ಮೇಡಂ ಮೊಬೈಲ್ ನೋಡಿ ಓದಿ ಹೇಳಿದರು. ರಾಮಮ್ಮನಿಗೆ ಅದರಲ್ಲಿ ಒಂದು ಸಾಲು. ಇಡೀ ಸ್ಟಡಿಯಲ್ಲಿ ಸಾವು ಒಂದೇ, ಅದು ಹುಸಿ ಮಾತ್ರೆಯ ಗುಂಪಿನಲ್ಲಿ. ಅಂದರೆ ಔಷಧಿಯದೇನೂ ತಪ್ಪಿಲ್ಲ.

"ಸಮಾಧಾನ ಆಯ್ತಾ ಸರ್?"

"ಆಯ್ತಮ್ಮ."

ಟೀಗೆ ಸಕ್ಕರೆ ಹಾಕಿರಲಿಲ್ಲ. ಕುಡಿದು ಮುಗಿಸಿದ ಮೇಲೆ ಗೊತ್ತಾಯಿತು. ಮುಂದಿನ ತಿಂಗಳು ಕೆ.ಆರ್. ನಗರದಲ್ಲಿ ಇದೇ ಮಾತ್ರೆ, ಇನ್ನೂ ದೊಡ್ಡ ಸ್ಟಡಿಯಂತೆ.

ಜುಲೈ 27, ಭಾನುವಾರ

ರಾಮಮ್ಮನ ತಂಗಿ ಸುಕನ್ಯ ಬಂದಿದ್ದಳು. ಅವಳೂ ಸ್ಟಡಿಯಲ್ಲಿದ್ದವಳೇ. ಹೊಗೆಸೊಪ್ಪು ಮುರಿದು ಕೈಯೆಲ್ಲ ಕರೀ ಅಂಟು. ನಿಮ್ಮಕ್ಕನಿಗೆ ಹುಸಿ ಮಾತ್ರೆ ಬಂದಿತ್ತಂತೆ ಅಂದೆ. ನಕ್ಕುಬಿಟ್ಟಳು.

"ಯಾರ ಬಾಟ್ಲಿ ಯಾರಿಗೆ ಭಾವ? ಒಬ್ಬಳಿಗೆ ನೋವು ವಾಸಿ ಆಗೋದು, ಇನ್ನೊಬ್ಬಳು ಕುಂಟೋದು — ಮುಯ್ಯಾಳ್ ಗುಂಪಲ್ಲಿ ಅದು ಸರೀನಾ? ಎಲ್ಲಾರ್ ಮಾತ್ರೇನೂವೆ ಅಕ್ಕನ ಡಬ್ಬಿಗೆ ಸುರುದ್ವಿ. ಬುತ್ತಿ ಬಿಚ್ಚಿದಾಗ ಕೈಗೆ ಸಿಕ್ಕಿದ್ದ ನುಂಗೋದು. ಖಾಲಿ ಬಾಟ್ಲಿ ವಾಪಸ್ ಕೊಟ್ವಲ್ಲ, ಅವ್ರೇನೂ ಕೇಳ್ನಿಲ್ಲ ಬುಡು."

ಮುಯ್ಯಾಳು ಅಂದರೆ ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಕೂಲಿಯಿಲ್ಲದೆ ಸರಿಸಮ ದುಡಿಯುವ ಗುಂಪು. ಮಾತ್ರೆಯೂ ಸರಿಸಮ.

"ಯಾಕ್ ಭಾವ, ತಪ್ಪಾಯ್ತಾ?"

"ಇಲ್ಲ ಕಣವ್ವ. ಉಣ್ಣು."

ಜುಲೈ 28, ಸೋಮವಾರ

ಆ ಸಾಲು ವೆಬ್‌ಸೈಟಿನಲ್ಲಿ ಹಾಗೇ ಇದೆ. ಓದಿದವರು ನಂಬುತ್ತಾರೆ. ನಾನೂ ನಂಬಿದ್ದೆ — ಅಷ್ಟು ದಿನ ಚೆನ್ನಾಗಿ ನಿದ್ದೆ ಬಂತು. ಸುಮ್ಮನಿದ್ದರೆ ಆ ನಿದ್ದೆ ನನ್ನದೇ. ಹೇಳಿದರೆ ಅವಳು ನುಂಗಿದ್ದು ಯಾವುದೆಂದು ಇನ್ನು ಯಾರಿಂದಲೂ ಹೇಳಲಾಗದು. ಕೆ.ಆರ್. ನಗರದಲ್ಲಿ ಹೆಂಗಸರ ಹೆಸರು ಬರೆಸಿಕೊಳ್ಳುತ್ತಿದ್ದಾರೆ.

ಸೋಮವಾರದ ಫೋನ್. ಸ್ಪೀಕರ್‌ಗೆ ಹಾಕಿದ್ದೇನೆ, ರಿಂಗ್ ಆಗುತ್ತಿದೆ. ಇಷ್ಟು ವರ್ಷ ಸೌದೆ ದಲ್ಲಾಳಿಯಾಗಿ ಬಾಯಲ್ಲೇ ಬದುಕಿದವನು, ಇವತ್ತು ಬರೆದುಕೊಂಡು ಹೇಳಬೇಕಾಗಿದೆ. ಮೇಡಂ, ಆ ಲೆಕ್ಕ ತಪ್ಪು. ನಮ್ಮ ಹೆಂಗಸರು ಮಾತ್ರೆನೆಲ್ಲ ಒಂದೇ—

ಎತ್ತಿದರು.